ಎರವಲು ನೀರು

ವಯ್ಯೆನಾರಿನಲ್ಲಿ ಡೀಸೆಲ್ ಹಾಕಿಸಿ ಸುನಿಲ್ಡಾ
ಕಿರುಪುಸ್ತಕ ತೆಗೆದು ಬರೆದುಕೊಂಡಳು:
ಡೀಸೆಲ್ಲು ಇಷ್ಟು, ಬ್ರೆಡ್ಡು ಇಷ್ಟು, ಸಾರ್ಡೀನಿನ ಡಬ್ಬಿ ನಾಲ್ಕು.
"ಅರ್ಧ ನಿನ್ನದು" ಎಂದಳು,
ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಕ್ಕಿಸಿ.
ಒಂಬತ್ತು ವರ್ಷದ ಹಿಂದಿನ ಲೆಕ್ಕ
ಆ ಪುಸ್ತಕದಲ್ಲಿರಲಿಲ್ಲ.
ನನ್ನ ಹೊಲಿಗೆಯಂಗಡಿ ಮುಳುಗಿದಾಗ
ಅವಳ ದುಡ್ಡೂ ಜೊತೆಗೇ ಮುಳುಗಿತ್ತು,
ಗುಳ್ಳೆ ಕೂಡ ಏಳದಂತೆ.

ಟಾರು ಮುಗಿಯಿತು. ಉಪ್ಪು ಬಡಿದು ಗಟ್ಟಿ ಮಾಡಿದ ದಾರಿ.
ಎಡಕ್ಕೆ ಕಡಲು, ಬಲಕ್ಕೆ
ಹನಿಯ ನೆನಪೂ ಇಲ್ಲದ ಗುಡ್ಡಗಳು.
ಇಷ್ಟು ನೀರಿನ ಪಕ್ಕ ಕೂತು
ಇಷ್ಟು ಒಣಗಿರಲು ಹಟ ಬೇಕು.
ದಾರಿಬದಿಯಲ್ಲಿ ಸತ್ತವರ ಪುಟ್ಟ ಗೂಡು ಕಂಡಾಗಲೆಲ್ಲ
ಸುನಿಲ್ಡಾ ಒಮ್ಮೆ ಹಾರ್ನ್ ಒತ್ತುತ್ತಾಳೆ,
ಗೇಟಿನಲ್ಲಿ ನಿಂತ ನೆರೆಯವರಿಗೆ ಕೈ ಬೀಸಿದ ಹಾಗೆ.

ಹನ್ನೊಂದನೆಯ ಗೂಡಿನ ಹತ್ತಿರ
ವ್ಯಾನು ಸುಯ್ಯೆಂದು ಬುಸುಗುಟ್ಟಿ ನಿಂತಿತು.
ಬಾನೆಟ್ ಎತ್ತಿದರೆ ಬರೀ ಹಬೆ. ನಮ್ಮ ಕ್ಯಾನು ಖಾಲಿ:
ನೀನು ತುಂಬಿಸಿದ್ದೀ ಎಂದು ಅವಳು, ಅವಳು ತುಂಬಿಸಿದ್ದಾಳೆ ಎಂದು ನಾನು.
ಗೂಡು ದಿಫುಂತಾ ಕೊರೆಯಾಳದು.
ಬಾಯಾರಿ ಸತ್ತಳಂತೆ, ಎದೆಯ ಮೇಲಿನ ಕೂಸು ಬದುಕಿತಂತೆ.
ಅದಕ್ಕೇ ಲಾರಿಯವರು ಬಾಟಲಿ ಬಾಟಲಿ ನೀರಿಟ್ಟು ಹೋಗುತ್ತಾರೆ:
ಲೇಬಲ್ಲು ಬೆಳ್ಳಗಾದವು, ಒಳಗೆ ಪಾಚಿ ಕಟ್ಟಿದವು,
ನೆನ್ನೆಯವು ಎರಡೋ ಮೂರೋ.

ಸುನಿಲ್ಡಾ ಶಿಲುಬೆಯ ಗುರುತು ಮಾಡಿಕೊಂಡು
ಸಂತೆಯಲ್ಲಿ ಕಲ್ಲಂಗಡಿ ಆರಿಸುವವಳಂತೆ
ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದಳು.
"ಎರಡು ಬಾಟಲಿ. ಬರೆದುಕೋ" ಎಂದು ನಾನು ನಕ್ಕೆ.
ಅವಳು ನಗಲಿಲ್ಲ.
ಬರೆದುಕೊಂಡಳು.

ಸಂಜೆ ಟೆಂಟು ಬಿಚ್ಚಿದಾಗ ಒಂದು ಕಂಬಿ ಕಡಿಮೆ.
ಪೊರಕೆ ಕೋಲು ಕಟ್ಟಿ ನಿಲ್ಲಿಸಿದೆವು, ಒಂದು ಕಡೆ ವಾಲಿತು.
ಕೊಕ್ಕೆಕೋಲು ಹೆಗಲಿಗೇರಿಸಿ ಬಂದಳು ಎದುವಿನಾ,
ಕಡಲಪಾಚಿ ಎಳೆದು ಒಣಗಿಸಿ ಮಾರುವವಳು.
ಮೊಣಕಾಲವರೆಗೆ ಒದ್ದೆ, ಮಾತು ಮಾತ್ರ ಒಣ:
"ನೀವು ಹಾಸಿದ್ದು ಅವಳ ಹಾಸಿಗೆಯ ಮೇಲೆ.
ರಾತ್ರಿ ಒಂದಕ್ಕೆ ಮಲಗಲು ಬರುತ್ತಾಳೆ."

ಆಗಲೇ ಕಡಲಿಂದ ಕಮಂಚಾಕ ಏರಿತ್ತು,
ಮಳೆಯಾಗಲು ಒಲ್ಲದ ಮಂಜು.
ಟೆಂಟನ್ನು ಬಿಚ್ಚದೇ ನಾಲ್ಕು ಮೂಲೆ ಹಿಡಿದು,
ಮಲಗಿದ ಹಸುವನ್ನು ಎಬ್ಬಿಸಿ ಸಾಗಿಸುವವರಂತೆ
ಉಸ್ಸೆನ್ನುತ್ತ, ಒಬ್ಬರನ್ನೊಬ್ಬರು ಬೈಯುತ್ತ, ಮೇಲಕ್ಕೊಯ್ದೆವು.
ಒಳಗಿದ್ದ ಕೆಟಲ್ಲು ದಾರಿಯುದ್ದಕ್ಕೂ ಗಂಟೆ ಬಾರಿಸಿತು.

ಕತ್ತಲಲ್ಲಿ ಅವಳ ಬೆನ್ನಿಗೆ ಹೇಳಿದೆ:
"ಸುನಿಲ್ಡಾ, ಆ ದುಡ್ಡು…"
"ಶ್! ಕೇಳು."
ಕೆಳಗೆ, ನಮ್ಮ ಟೆಂಟು ಇದ್ದ ಜಾಗದಲ್ಲಿ
ಕಡಲು ಬಂದು ಮಗ್ಗುಲಾಗುತ್ತಿತ್ತು.
ಕೇಳುತ್ತ ಕೇಳುತ್ತ ಅವಳಿಗೆ ನಿದ್ದೆ ಬಂತು. ನನಗೆ ಬರಲಿಲ್ಲ.

ಬೆಳಿಗ್ಗೆ ಎದುವಿನಾಳ ನೀಲಿ ಡ್ರಮ್ಮಿನ ಎದುರು ನಾವು.
ವಾರಕ್ಕೊಮ್ಮೆ ಬರುವ ಟ್ಯಾಂಕರಿನ ನೀರು, ಲೋಟದಲ್ಲಿ ಅಳೆದು ಬಳಸುವುದು.
ಎರಡಕ್ಕೆ ನಾಲ್ಕು ಬಾಟಲಿ ತುಂಬಿಸಿದಳು,
"ಸತ್ತವಳ ಹತ್ತಿರ ಬಾಕಿ ಇಟ್ಟುಕೊಳ್ಳಬೇಡಿ, ಅವಳಿಗೆ ಪುರುಸೊತ್ತು ಬಹಳ."
ಹಣ ಮುಟ್ಟಲಿಲ್ಲ.
ಸುನಿಲ್ಡಾ ತಾನು ಮಾರುವ ಕನ್ನಡಕಗಳಲ್ಲಿ ಒಂದನ್ನು ತಂದು
ಅವಳ ಮೂಗಿನ ಮೇಲೆ ಕೂರಿಸಿದಳು.
ಎದುವಿನಾ ಕಡಲು ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ,
ತನ್ನ ಅಂಗೈ ನೋಡಿಕೊಂಡು
"ಅಯ್ಯೋ, ಇಷ್ಟು ಗೆರೆಗಳೇ!" ಎಂದಳು.

ನಲವತ್ತು ಕಿಲೋಮೀಟರು ಹಿಂದಕ್ಕೆ, ಬಂದ ದಾರಿಯಲ್ಲೇ.
ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ.
ನೀರು ಕುಡಿದವರು ಏನು ಮಾಡಬೇಕು?
ನಾಲ್ಕು ಬಾಟಲಿ ಇಟ್ಟು, ಗಾಳಿಗೆ ಬೀಳದಂತೆ ಕಲ್ಲು ಒತ್ತರಿಸಿದೆವು.
ಸುನಿಲ್ಡಾ ಪುಸ್ತಕ ತೆರೆದು ಆ ಒಂದು ಸಾಲು ಹೊಡೆದು ಹಾಕಿದಳು.
ಪೆನ್ಸಿಲ್ಲು ಹಾಳೆಯ ಮೇಲೇ ತುಸು ಹೊತ್ತು ನಿಂತಿತು.
ಆಮೇಲೆ, "ಬ್ರೆಡ್ಡಿನ ಅರ್ಧ ಇನ್ನೂ ಬರಬೇಕು."

ಅಲ್ಲೇ ಚಿಲ್ಲರೆ ಎಣಿಸಿ ಕೊಟ್ಟೆ. ಮತ್ತೆ ಎಣಿಸಿದಳು.
ಒಂದು ನಾಣ್ಯ ಹೆಚ್ಚಾಗಿತ್ತು, ವಾಪಸು ಕೊಟ್ಟಳು.
ಉಳಿದದ್ದರ ಮಾತು ಇಬ್ಬರೂ ಎತ್ತಲಿಲ್ಲ.
ಹಾರ್ನ್ ಮಾತ್ರ ಈ ಸಲ ನಾನು ಒತ್ತಿದೆ,
ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.